ಫೈಬರ್ ಕುಂಡ ಕೈಕೊಟ್ಟರೆ ಮೊದಲು ತಳ ನೋಡಿ

ತಾರಸಿ ಮೇಲಿನ ದೊಡ್ಡ ಫೈಬರ್ ಕುಂಡದಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ಎಲ್ಲರೂ ಮಾಡುವುದು ಹೆಚ್ಚುಕಡಿಮೆ ಒಂದೇ. ಎಲೆ ಹಳದಿಯಾದರೆ ಗೊಬ್ಬರ ಹಾಕುತ್ತಾರೆ. ಗಿಡ ಬಾಡಿದರೆ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಬಿರುಕು ಕಂಡರೆ ಎಂ-ಸೀಲ್ ಮೆತ್ತುತ್ತಾರೆ. ಸ್ವಲ್ಪ ದಿನಕ್ಕೆ ಅದೇ ತೊಂದರೆ ವಾಪಸ್. ಏಕೆಂದರೆ ಈ ಕುಂಡಗಳ ಕಾಯಿಲೆ ಕಾಣಿಸಿಕೊಳ್ಳುವುದು ಮೇಲೆ, ಶುರುವಾಗುವುದು ಮಾತ್ರ ಬಹುಮಟ್ಟಿಗೆ ತಳದಲ್ಲಿ. ನೀರು ಹೊರಗೆ ಹೋಗುವ ದಾರಿ ಸರಿಯಿರುವುದಿಲ್ಲ, ಇಲ್ಲವೇ ಕುಂಡ ನೆಲದ ಮೇಲೆ ಕೂತ ರೀತಿ ಸರಿಯಿರುವುದಿಲ್ಲ. ಹಾಗಾಗಿ ದೂರು ಏನೇ ಇರಲಿ, ಪರೀಕ್ಷೆಯನ್ನು ಕೆಳಗಿನಿಂದ ಶುರು ಮಾಡಿ.

ಇಲ್ಲಿ ಹೇಳುತ್ತಿರುವುದು ಎಫ್‌ಆರ್‌ಪಿ, ಅಂದರೆ ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್ ಕುಂಡಗಳ ಬಗ್ಗೆ. ಅಚ್ಚಿನ ಒಳಗೆ ಮೊದಲು ಬಣ್ಣದ ಜೆಲ್‌ಕೋಟ್ ಹಚ್ಚಿ, ಅದರ ಹಿಂದೆ ಗಾಜಿನ ನಾರಿನ ಮ್ಯಾಟ್ ಇಟ್ಟು, ಪಾಲಿಯೆಸ್ಟರ್ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಕುಡಿಸಿ ಮಾಡುವ ಕುಂಡಗಳು ಇವು. ಹೊರಗೆ ಕಾಣುವ ಜೆಲ್‌ಕೋಟ್ ಅರ್ಧ ಮಿಲಿಮೀಟರ್ ಆಸುಪಾಸು. ಒಟ್ಟು ಗೋಡೆ ಮೂರರಿಂದ ಐದು ಮಿಲಿಮೀಟರ್. ಒಂದು ವಿಷಯ ನೆನಪಿಡಿ: ಈ ಗೋಡೆಯಿಂದ ನೀರು ಆವಿಯಾಗಿ ಹೋಗುವುದಿಲ್ಲ. ಸುಟ್ಟ ಮಣ್ಣಿನ ಕುಂಡದಲ್ಲಿ ಗೋಡೆಯೇ ಒಂದಷ್ಟು ನೀರು ಹೊರಹಾಕುತ್ತಿತ್ತು. ಮಣ್ಣಿನ ಕುಂಡಕ್ಕೆ ಹಾಕುತ್ತಿದ್ದಷ್ಟೇ ನೀರನ್ನು ಅದೇ ಕೈ ಅಳತೆಯಲ್ಲಿ ಫೈಬರ್‌ಗೂ ಹಾಕುವುದರಿಂದಲೇ ಅರ್ಧ ತೊಂದರೆ.

ಎಲೆ ಹಳದಿ, ಗಿಡ ಸೊರಗು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅರೇಕಾ ಪಾಮ್, ದಾಸವಾಳ, ಕರಿಬೇವು ಈ ದೂರಿನ ಖಾಯಂ ಗಿರಾಕಿಗಳು. ಗಿಡ ಬಾಡಿದಂತೆ ಕಾಣುತ್ತದೆ. ಮೇಲಿನ ಮಣ್ಣು ಮುಟ್ಟಿದರೆ ಒಣಗಿರುತ್ತದೆ. ಮಾಲಿ ನೋಡಿ, "ಮೇಡಂ, ನೀರು ಸಾಕಾಗ್ತಿಲ್ಲ" ಅನ್ನುತ್ತಾನೆ. ನೀರು ಜಾಸ್ತಿ ಹಾಕಿದಷ್ಟೂ ಗಿಡ ಇನ್ನಷ್ಟು ಬಾಡುತ್ತದೆ.

ಮೇಲಿನ ಎರಡು ಇಂಚು ಮಣ್ಣು ನೋಡಿ ಒಂದೂವರೆ ಅಡಿ ಆಳದ ಕುಂಡದ ಸ್ಥಿತಿ ಹೇಳಲು ಆಗುವುದಿಲ್ಲ. ತಳ ತಲುಪುವಷ್ಟು ಉದ್ದದ ಬಿದಿರಿನ ಕಡ್ಡಿಯೊಂದನ್ನು ಕುಂಡದ ಅಂಚಿನಲ್ಲಿ, ಬೇರಿಗೆ ತಾಗದಂತೆ, ನಿಧಾನವಾಗಿ ತಳದವರೆಗೆ ಇಳಿಸಿ. ಹತ್ತು ನಿಮಿಷ ಬಿಟ್ಟು ಎಳೆಯಿರಿ. ಈಗ ಕಡ್ಡಿಯನ್ನೇ ಓದಬೇಕು. ಮೇಲಿನ ಭಾಗ ಒಣಗಿ, ನಡುವೆ ಮಣ್ಣು ಅಂಟಿ, ಕೆಳಗಿನ ಒಂದೆರಡು ಇಂಚು ಮಾತ್ರ ತೇವ ಇದ್ದರೆ ಎಲ್ಲ ಸರಿ. ಕೆಳಗಿನ ಅರ್ಧ ಅಡಿ ಕಪ್ಪಾಗಿ, ಕೆಸರು ಜಿನುಗುತ್ತ, ಮೂಗಿನ ಹತ್ತಿರ ಹಿಡಿದರೆ ಚರಂಡಿ ವಾಸನೆ ಬಂದರೆ ಕೆಳಗೆ ನೀರು ನಿಂತಿದೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತಿದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ಅದಕ್ಕೇ ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದ ಹಾಗೇ ಕಾಣುತ್ತದೆ.

ನೀರು ಯಾಕೆ ನಿಂತಿತು ಅನ್ನುವುದಕ್ಕೆ ಉತ್ತರ ಹೆಚ್ಚಾಗಿ ಇವುಗಳಲ್ಲೇ ಸಿಗುತ್ತದೆ. ಕುಂಡಕ್ಕೆ ತೂತೇ ಇಲ್ಲ. ಒಳಾಂಗಣಕ್ಕೆಂದು ಮಾಡಿದ್ದನ್ನು ತಾರಸಿಗೆ ಇಟ್ಟಿರುತ್ತೀರಿ. ತೂತು ಇದೆ, ಆದರೆ ತಳ ಟೈಲ್ಸ್‌ಗೆ ಗಟ್ಟಿಯಾಗಿ ಅಂಟಿ ಕೂತು ಮುಚ್ಚಳ ಹಾಕಿದಂತಾಗಿದೆ. ಅಥವಾ ಬೇರು, ಮಣ್ಣು ಸೇರಿ ತೂತು ಕಟ್ಟಿದೆ. ಮೊದಲು ಹೊರಗಿನಿಂದ ತಂತಿ ಆಡಿಸಿ ನೋಡಿ. ಗುಳುಗುಳು ಎಂದು ಕಪ್ಪು ನೀರು ಬಂದರೆ ಅಲ್ಲಿಗೆ ರೋಗ ಸಿಕ್ಕಿತು. ಆಮೇಲೆ ಕುಂಡವನ್ನು ನೆಲದಿಂದ ಒಂದು ಇಂಚಾದರೂ ಎತ್ತಿ ಕೂರಿಸಿ. ಹೇಗೆ ಅನ್ನುವುದನ್ನು ಬಿರುಕಿನ ಭಾಗದಲ್ಲಿ ಹೇಳಿದ್ದೇನೆ.

ತೂತು ಇಲ್ಲದಿದ್ದರೆ ಕೊರೆಯಬಹುದು, ಕಷ್ಟವೇನಿಲ್ಲ. ಕುಂಡ ಖಾಲಿ ಮಾಡಿ ಬೋರಲು ಹಾಕಿ. ಜೆಲ್‌ಕೋಟ್ ಇರುವ ಹೊರಬದಿಯಿಂದಲೇ ಕೊರೆಯಬೇಕು. ಒಳಗಿನಿಂದ ಕೊರೆದರೆ ಹೊರಗಿನ ಪದರ ಚಕ್ಕೆ ಏಳುತ್ತದೆ. ಜಾಗದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಡ್ರಿಲ್‌ನ ಹ್ಯಾಮರ್ ಮೋಡ್ ಆಫ್ ಮಾಡಿ, 20ರಿಂದ 25 ಮಿಲಿಮೀಟರ್ ತೂತು ಮಾಡಿ. ಮೂರಡಿ ಉದ್ದದ ಕುಂಡಕ್ಕೆ ಇಂಥ ನಾಲ್ಕಾದರೂ ಬೇಕು. ಮಾಸ್ಕ್, ಕನ್ನಡಕ, ಪೂರ್ತಿ ತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಗಾಜಿನ ನಾರಿನ ಧೂಳು ಚರ್ಮಕ್ಕೆ ತಾಗಿದರೆ ಕಡಿತ ಬೇಗ ಬಿಡುವುದಿಲ್ಲ.

ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವ ನಂಬಿಕೆ ಒಂದಿದೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಅಡುಗೆಮನೆಯ ಸ್ಪಂಜನ್ನು ನೀರಿನಲ್ಲಿ ಅದ್ದಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಇನ್ನಷ್ಟು ನೀರು ಸುರಿಯುತ್ತದೆ. ಕುಂಡದ ಮಣ್ಣೂ ಹಾಗೆಯೇ: ತನ್ನ ಕೆಳತುದಿಯಲ್ಲಿ ಒಂದಿಷ್ಟು ಎತ್ತರ ನೀರನ್ನು ಹಿಡಿದುಕೊಂಡೇ ಇರುತ್ತದೆ. ಕೆಳಗೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಹೋಗುವುದಿಲ್ಲ, ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ ಅಷ್ಟೇ. ತೂತಿನ ಮೇಲೆ ಒಂದು ಹೆಂಚಿನ ಚೂರು, ಇಲ್ಲವೇ ಸೊಳ್ಳೆ ಪರದೆಯ ತುಂಡು ಸಾಕು. ಜಲ್ಲಿಗೆ ಬೇರೆ ಕೆಲಸ ಇದೆ, ಅದು ಮುಂದೆ.

ನೀರು ಹಾಕಿದ ಕೂಡಲೇ ಕೆಳಗೆ ಹರಿಯುತ್ತದೆ

ಇದು ಮೇಲಿನದಕ್ಕೆ ತದ್ವಿರುದ್ಧ. ಬಹಳ ಜನ ಇದನ್ನು ಒಳ್ಳೆಯ ಲಕ್ಷಣ ಅಂದುಕೊಳ್ಳುತ್ತಾರೆ. ಒಂದು ಬಕೆಟ್ ಹಾಕಿದ ಅರ್ಧ ನಿಮಿಷಕ್ಕೆ ಮುಕ್ಕಾಲು ಬಕೆಟ್ ಹೊರಗೆ ಬಂದರೆ ನೀರು ಮಣ್ಣಿನೊಳಗೆ ಹೋಗಿಯೇ ಇಲ್ಲ ಅಂತ ಅರ್ಥ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣ ಪೂರ್ತಿ ಒಣಗಿದರೆ ಕುಗ್ಗಿ ಗೋಡೆಯಿಂದ ಬಿಡುತ್ತದೆ. ನೀರು ಆ ಸಂದಿಯಲ್ಲೇ ಇಳಿದುಹೋಗುತ್ತದೆ. ಗೋಡೆ ಪಕ್ಕ ಬೆರಳು ಇಳಿಯುವಷ್ಟು ಸಂದಿ ಇದೆಯಾ ನೋಡಿ. ನಡುವೆ ನಾಲ್ಕು ಇಂಚು ಅಗೆದು ನೋಡಿ. ಪುಡಿ ಪುಡಿ ಒಣ ಮಣ್ಣು ಸಿಗುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದ ಮನೆಗಳಲ್ಲಿ ಇದು ಮಾಮೂಲು. ಕಡ್ಡಿಯಿಂದ ಮಣ್ಣಿನಲ್ಲಿ ಅಲ್ಲಲ್ಲಿ ತೂತು ಮಾಡಿ, ಸಂದಿಗೆ ಹೊಸ ಮಣ್ಣು ತುಂಬಿ, ಪೈಪಿನ ನೀರನ್ನು ಸಣ್ಣಗೆ ಬಿಟ್ಟು ಅರ್ಧ ಗಂಟೆ ಹಾಗೇ ಬಿಡಿ. ಸಂಜೆ ಇನ್ನೊಂದು ಸಲ. ಇಷ್ಟಕ್ಕೂ ನೀರು ನಿಲ್ಲದಿದ್ದರೆ ಕುಂಡದ ತುಂಬ ಬರೀ ಬೇರೇ ತುಂಬಿದೆ. ಗಿಡ ಹೊರತೆಗೆದು, ಬೇರು ಸವರಿ, ಹೊಸ ಮಣ್ಣಿಗೆ ಹಾಕುವ ಕಾಲ ಬಂದಿದೆ.

ಕುಂಡಕ್ಕೆ ಹೊಟ್ಟೆ ಬಂದಿದೆ

ಉದ್ದನೆಯ ಆಯತಾಕಾರದ ಕುಂಡಗಳಿಗೆ ಮಾತ್ರ ಬರುವ ಕಾಯಿಲೆ ಇದು. ಮೂರಡಿಗಿಂತ ಉದ್ದದ ಗೋಡೆ, ಒಳಗೆ ಯಾವ ಅಡ್ಡಪಟ್ಟಿಯೂ ಇಲ್ಲ, ಮಳೆಗಾಲದಲ್ಲಿ ಮಣ್ಣು ನೆನೆದು ಒತ್ತುತ್ತದೆ, ಗೋಡೆ ಹೊರಕ್ಕೆ ಬಾಗುತ್ತದೆ. ಕಣ್ಣಳತೆ ನಂಬಬೇಡಿ. ಟೇಪ್ ಹಿಡಿದು ಮೇಲಂಚಿನ ಅಗಲವನ್ನು ಎರಡು ತುದಿಯಲ್ಲಿ, ಆಮೇಲೆ ನಡುವೆ ಅಳೆಯಿರಿ. ನಡುವೆ ಒಂದು ಸೆಂಟಿಮೀಟರ್ ಜಾಸ್ತಿ ಬಂದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಿದ್ದು, ಮುಂದಿನ ಮಳೆಗಾಲಕ್ಕೆ ಇನ್ನೂ ಹೆಚ್ಚಾದರೆ ಸುಮ್ನೆ ಬಿಡಬಾರದು.

ಇಲ್ಲೂ ಮೊದಲು ತಳದ ತೂತು ನೋಡಿ. ನೀರು ನಿಂತ ಮಣ್ಣು, ನೀರು ಇಳಿದ ಮಣ್ಣಿಗಿಂತ ಗೋಡೆಯನ್ನು ಜಾಸ್ತಿ ಒತ್ತುತ್ತದೆ. ತೂತು ಬಿಡಿಸಿದ ಮೇಲೆ ಅರ್ಧ ಮಣ್ಣು ತೆಗೆದು, ಹಗ್ಗ ಅಥವಾ ಲಗೇಜ್ ಬೆಲ್ಟ್ ಸುತ್ತಿ ನಿಧಾನವಾಗಿ ಬಿಗಿದು ಗೋಡೆಯನ್ನು ಒಳಕ್ಕೆ ತನ್ನಿ. ನಡುವೆ ಎದುರುಬದುರು ತೂತು ಕೊರೆದು 8 ಮಿಲಿಮೀಟರ್ ಸ್ಟೀಲ್ ಥ್ರೆಡ್ ರಾಡ್ ಹಾಯಿಸಿ. ಎರಡೂ ಕಡೆ ದೊಡ್ಡ ವಾಷರ್, ಅದರಡಿ ರಬ್ಬರ್ ಇಟ್ಟು ನಟ್ ಬಿಗಿಯಿರಿ. ರಾಡ್ ಮಣ್ಣಿನ ಒಳಗೆ ಮುಚ್ಚಿಹೋಗುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ರಾಡೇ ಹಾಕಿ, ದುಡ್ಡು ಉಳಿಸಲು ಹೋಗಬೇಡಿ.

ಬಿರುಕು

ಬಿರುಕು ಎಲ್ಲಿದೆ ಅನ್ನುವುದೇ ಅದರ ಕಾರಣ ಹೇಳುತ್ತದೆ. ಒಂದು ಬಿಂದುವಿನಿಂದ ಸುತ್ತಲೂ ಹರಡಿದ ಕೂದಲೆಳೆಯ ಗೆರೆಗಳಾದರೆ ಅಲ್ಲಿಗೆ ಏನೋ ಬಡಿದಿದೆ, ಬಹುಶಃ ಒಳಗಿನಿಂದ ಗುದ್ದಲಿಯೇ. ಮೇಲಂಚಿನಲ್ಲಿ ಬಿರುಕು ಬಂದಿದ್ದರೆ ತುಂಬಿದ ಕುಂಡವನ್ನು ಅಂಚು ಹಿಡಿದು ಎತ್ತಿದ್ದಾರೆ. ತಳದ ಮೂಲೆಯಿಂದ ಮೇಲಕ್ಕೆ ಹತ್ತಿದ ಬಿರುಕು ಮಾತ್ರ ಕೆಟ್ಟದ್ದು. ಅದರ ಅರ್ಥ ಕುಂಡ ಸಮ ಕೂತಿಲ್ಲ.

ತಾರಸಿಗೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಅದರ ಮೇಲೆ ಚಪ್ಪಟೆ ತಳದ ಉದ್ದ ಕುಂಡ ಇಟ್ಟರೆ ಒಂದು ಮೂಲೆ ಗಾಳಿಯಲ್ಲಿ ತೇಲುತ್ತದೆ, ಭಾರವೆಲ್ಲ ಉಳಿದ ಮೂರರ ಮೇಲೆ. ಒಂದು ಹಳೆಯ ಮದುವೆ ಕಾರ್ಡ್ ತೆಗೆದುಕೊಂಡು ಸುತ್ತಲೂ ತಳದ ಕೆಳಗೆ ತೂರಿಸುತ್ತ ಬನ್ನಿ. ಎಲ್ಲಿ ಸಲೀಸಾಗಿ ಒಳಗೆ ಹೋಗುತ್ತದೋ ಅಲ್ಲಿ ಆಸರೆ ಇಲ್ಲ. ಬರೀ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಡುವುದೂ ತಪ್ಪೇ. ನಡುವಿನ ತಳ ಜೋತುಬೀಳುತ್ತದೆ. ಮನೆ ಕಟ್ಟುವಾಗ ಉಳಿದ ಗ್ರಾನೈಟ್ ಪಟ್ಟಿಗಳಿದ್ದರೆ ಚೆನ್ನ. ಕುಂಡದ ಅಗಲಕ್ಕೆ ಅಡ್ಡಲಾಗಿ, ಅಡಿಗೊಂದರಂತೆ ಇಟ್ಟು, ತಗ್ಗಾದ ಕಡೆ ತೆಳು ರಬ್ಬರ್ ತುಂಡು ಕೊಟ್ಟು ಮಟ್ಟ ಮಾಡಿ. ತೂತುಗಳ ಮೇಲೆ ಪಟ್ಟಿ ಬರದಂತೆ ನೋಡಿಕೊಳ್ಳಿ. ನೀರು ಸರಾಗವಾಗಿ ಹರಿಯುತ್ತದೆ, ತಾರಸಿಯೂ ಒಣಗುತ್ತದೆ. ಕೆಳಗಿನ ಮನೆಯವರ ಸೀಲಿಂಗ್‌ನಲ್ಲಿ ತೇವ ಬಂತು ಎಂದು ಜಗಳ ಆಡುವುದೂ ತಪ್ಪುತ್ತದೆ.

ಕೂದಲೆಳೆ ಬಿರುಕು ಬರೀ ಜೆಲ್‌ಕೋಟ್‌ನದ್ದೋ, ಪೂರ್ತಿ ಗೋಡೆಯದ್ದೋ? ಕುಂಡ ಖಾಲಿ ಇದ್ದಾಗ ಕತ್ತಲಲ್ಲಿ ಒಳಗೆ ಮೊಬೈಲ್ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಗೆರೆಯಲ್ಲಿ ಬೆಳಕು ತೂರಿ ಬಂದರೆ ಆರಪಾರ ಒಡೆದಿದೆ. ಇಲ್ಲದಿದ್ದರೆ ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟ ಜಾಗದಲ್ಲಿ ಡಬ್ ಡಬ್.

ಆರಪಾರ ಬಿರುಕಿಗೆ ಒಳಗಿನಿಂದ ಮ್ಯಾಟ್ ಹಾಕಲೇಬೇಕು. ಎಂ-ಸೀಲ್ ಸಂದಿ ಮುಚ್ಚುತ್ತದೆ, ಭಾರ ಹೊರುವುದಿಲ್ಲ. ಪೂರ್ತಿ ಒಣಗಿಸಿ, ಬಿರುಕಿನ ಎರಡೂ ಕಡೆ ಎರಡೆರಡು ಇಂಚು 80 ನಂಬರ್ ಎಮರಿ ಪೇಪರ್‌ನಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ. ಮ್ಯಾಟ್‌ನ ಎರಡು ತುಂಡು ಕತ್ತರಿಸಿ, ಎರಡನೆಯದು ಮೊದಲನೆಯದಕ್ಕಿಂತ ಸ್ವಲ್ಪ ದೊಡ್ಡದಿರಲಿ. ರೆಸಿನ್‌ಗೆ ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಭಾಗ. ಬೆರೆಸಿದ ಮೇಲೆ ಕೆಲಸಕ್ಕೆ ಸಿಗುವುದು ಹದಿನೈದು ನಿಮಿಷದಷ್ಟು, ಬಿಸಿಲಿನಲ್ಲಿ ಇನ್ನೂ ಕಡಿಮೆ. ಅದಕ್ಕೆ ನೆರಳಿನಲ್ಲಿ, ಗಾಳಿ ಆಡುವ ಕಡೆ, ಕೈಗವಸು ಹಾಕಿಕೊಂಡು ಸ್ವಲ್ಪ ಸ್ವಲ್ಪವೇ ಕಲಸಿ. ಬ್ರಷ್‌ನಿಂದ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ತೆಗೆಯಿರಿ.

ಎಚ್ಚರಿಕೆ ಒಂದು: ಕೆಲವು ಅಂಗಡಿಗಳಲ್ಲಿ ರೆಸಿನ್ ಜೊತೆ, ಅದು ಬೇಗ ಗಟ್ಟಿಯಾಗಲೆಂದು, ನೇರಳೆ ಬಣ್ಣದ ಕೋಬಾಲ್ಟ್ ಬಾಟಲಿ ಬೇರೆ ಕೊಡುತ್ತಾರೆ. ಕೋಬಾಲ್ಟ್ ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಬೆರೆಯಬೇಕು, ಆಮೇಲೆ ಹಾರ್ಡನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಈ ಕೆಲಸ ರೂಢಿ ಇಲ್ಲದವರು ಫೈಬರ್ ಶೀಟ್, ಫೈಬರ್ ಟ್ಯಾಂಕ್ ರಿಪೇರಿ ಮಾಡುವವರಿಗೆ ಕೊಡುವುದು ಒಳ್ಳೆಯದು.

ಬಣ್ಣ ಮಾಸಿದೆ, ಬಿಳಿ ಕಲೆ, ಗುಳ್ಳೆ

ಕಪ್ಪು ಬಟ್ಟೆಯಿಂದ ಗೋಡೆ ಉಜ್ಜಿ. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಬಿಸಿಲಿಗೆ ಜೆಲ್‌ಕೋಟ್ ಮೇಲ್ಮೈ ಹಳಸಿದೆ. ಕಾರಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡ್‌ನಿಂದ ಉಜ್ಜಿ, ತೊಳೆದು, ಕಾರ್ ವ್ಯಾಕ್ಸ್ ಹಚ್ಚಿದರೆ ಬಣ್ಣ ಸಾಕಷ್ಟು ವಾಪಸ್ ಬರುತ್ತದೆ. ವರ್ಷಕ್ಕೆರಡು ಸಲ ವ್ಯಾಕ್ಸ್ ಸಾಕು. ಚಕ್ಕೆ ಚಕ್ಕೆ ಎದ್ದು ಬರುತ್ತಿದ್ದರೆ ಅದು ಜೆಲ್‌ಕೋಟ್ ಅಲ್ಲ, ಮೇಲೆ ಹೊಡೆದ ಪೇಂಟ್. ಕಾಣದ ಕಡೆ ನೇಲ್‌ಪಾಲಿಶ್ ರಿಮೂವರ್ ಅದ್ದಿದ ಹತ್ತಿಯಿಂದ ಒರೆಸಿ ನೋಡಿ. ಬಣ್ಣ ಹತ್ತಿಗೆ ಬಂದರೆ ಅಗ್ಗದ ಪೇಂಟ್. ಕೆರೆದು, ಪ್ರೈಮರ್ ಹಾಕಿ, ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸುವುದೇ ದಾರಿ.

ತೂತಿನ ಕೆಳಗೆ, ಅಂಚಿನ ಸುತ್ತ ಇರುವ ಬಿಳಿ ಪಟ್ಟೆ ಬೋರ್‌ವೆಲ್ ನೀರಿನ ಉಪ್ಪು. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಬಾತ್‌ರೂಮ್ ಆಸಿಡ್ ಮಾತ್ರ ಬೇಡ. ಜೆಲ್‌ಕೋಟ್ ಮಂಕಾಗುತ್ತದೆ, ಕೆಳಗಿನ ಸಿಮೆಂಟ್ ನೆಲವನ್ನೂ ತಿನ್ನುತ್ತದೆ.

ಗುಳ್ಳೆಗಳದ್ದು ಬೇರೆ ಕಥೆ. ಗೋಡೆಯ ಕೆಳಭಾಗದಲ್ಲಿ ಬಟಾಣಿ ಗಾತ್ರದ ಉಬ್ಬುಗಳು. ಸೂಜಿ ಚುಚ್ಚಿದರೆ ಹುಳಿ ವಾಸನೆಯ ನೀರು ಹೊರಬರುತ್ತದೆ. ಒಳಗೆ ಲೇಪ ಇಲ್ಲದ ಕುಂಡದಲ್ಲಿ ವರ್ಷಗಟ್ಟಲೆ ನೀರು ನಿಂತು ಗೋಡೆಯೊಳಗೆ ಇಳಿದಿದೆ. ಇಲ್ಲೂ ಅದೇ ತಳದ ಕಥೆ. ಗುಳ್ಳೆ ಕೆರೆದು, ಕುಂಡ ಖಾಲಿ ಮಾಡಿ, ಬೇಸಿಗೆಯಲ್ಲಿ ಕೆಲವು ವಾರ ಒಣಗಲು ಬಿಟ್ಟು, ಎಪಾಕ್ಸಿ ಪುಟ್ಟಿ ತುಂಬಿ, ಒಳಗಡೆ ಎಪಾಕ್ಸಿ ಕೋಟ್ ಕೊಡಿ. ಎಪಾಕ್ಸಿ ಮೇಲೆ ಮತ್ತೆ ಪಾಲಿಯೆಸ್ಟರ್ ಜೆಲ್‌ಕೋಟ್ ಹಚ್ಚಿದರೆ ಸರಿಯಾಗಿ ಹಿಡಿಯುವುದಿಲ್ಲ, ಹೊರಗೆ ಪೇಂಟೇ ಹಾಕಬೇಕು.

ಗಾಳಿಗೆ ಬೀಳುತ್ತದೆ, ಭಾರ ಹಾಕಿದರೆ ತಾರಸಿ ತಡೆದೀತಾ?

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿ ಎತ್ತರದ, ಕೆಳಗೆ ಕಿರಿದಾದ ಕುಂಡಗಳನ್ನು ಉರುಳಿಸಿಬಿಡುತ್ತದೆ. ಕುಂಡ ಹಗುರ, ಮಿಶ್ರಣವೂ ಹಗುರ, ಮೇಲೆ ದಟ್ಟ ಎಲೆಯ ಗಿಡ. ಜಲ್ಲಿಗೆ ಕೆಲಸ ಇರುವುದು ಇಲ್ಲಿ. ತಳದಲ್ಲಿ ನಾಲ್ಕೈದು ಇಂಚು ಜಲ್ಲಿ ಅಥವಾ ಇಟ್ಟಿಗೆ ಹಾಕಿದರೆ ಭಾರ ಕೆಳಗೆ ಬರುತ್ತದೆ. ನೀರು ಇಳಿಸಲಿಕ್ಕಲ್ಲ, ಕುಂಡ ನಿಲ್ಲಿಸಲಿಕ್ಕೆ. ಮೇಲೆ ಬೇರಿಗೆ ಒಂದೂವರೆ ಅಡಿ ಮಣ್ಣು ಉಳಿಯುವಷ್ಟು ಆಳದ ಕುಂಡದಲ್ಲಿ ಮಾತ್ರ ಹೀಗೆ ಮಾಡಿ. ತೂಕ ಉಳಿಸಲು ತಳಕ್ಕೆ ಥರ್ಮೋಕೋಲ್, ಖಾಲಿ ಬಾಟಲಿ ತುಂಬುವವರಿದ್ದಾರೆ. ಗಾಳಿ ಬಡಿಯದ ಬಾಲ್ಕನಿಗೆ ಅದು ಸರಿ. ತೆರೆದ ತಾರಸಿಯಲ್ಲಿ ಅದೇ ಕುಂಡ ತಲೆಭಾರವಾಗಿ ಉರುಳುತ್ತದೆ.

ಇನ್ನು ತೂಕದ ಲೆಕ್ಕ. 90 ಸೆಂಟಿಮೀಟರ್ ಉದ್ದ, 40 ಅಗಲ, 45 ಎತ್ತರದ ಕುಂಡ ಹಿಡಿಯುವುದು 162 ಲೀಟರ್. ಇದೇ ಅಳತೆಯದ್ದನ್ನು ನಾಲ್ಕು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್‌ನಲ್ಲಿ ಮಾಡಿದರೆ ಖಾಲಿ ಕುಂಡವೇ 130 ಕೆಜಿ ದಾಟುತ್ತದೆ. ಫೈಬರ್‌ನಲ್ಲಿ ಹತ್ತು ಕೆಜಿ ಒಳಗೆ. ಉಳಿತಾಯ ನಿಜ. ಆದರೆ ಅದರೊಳಗೆ ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ, ಲೀಟರಿಗೆ ಸುಮಾರು 1.8 ಕೆಜಿಯಂತೆ 290 ಕೆಜಿ ಆಯಿತು! ಹಗುರ ಇರುವುದು ಕುಂಡ ಮಾತ್ರ, ಮಣ್ಣಲ್ಲ. ಕೋಕೋಪೀಟ್, ಎರೆಗೊಬ್ಬರ, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಜಾಸ್ತಿ ಇಟ್ಟು ಮಣ್ಣು ಕಾಲು ಭಾಗಕ್ಕೆ ಇಳಿಸಿದರೆ ಒದ್ದೆಯಾದಾಗಲೂ 160ರಿಂದ 190 ಕೆಜಿ ಒಳಗೆ ಮುಗಿಯುತ್ತದೆ.

ಓಡಾಡುವ ತಾರಸಿಗೆ ಕಟ್ಟಡಗಳ ಭಾರದ ಭಾರತೀಯ ಮಾನಕವಾದ ಐಎಸ್ 875ರ ಎರಡನೇ ಭಾಗ ಲೆಕ್ಕಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಒಂದು ಕುಂಡದ ಭಾರ ಸುತ್ತಲ ಸ್ಲ್ಯಾಬ್‌ಗೆ ಹಂಚಿಹೋಗುತ್ತದೆ, ಹೆದರಬೇಕಿಲ್ಲ. ಇಂಥ ಹತ್ತನ್ನು ಸ್ಲ್ಯಾಬ್ ನಡುವೆ ಸಾಲಾಗಿ ಇಡಬೇಡಿ. ತೊಲೆ ಅಥವಾ ಗೋಡೆ ಹಾದುಹೋಗುವ ಜಾಗದ ಮೇಲೆ, ಅಂಚಿನುದ್ದಕ್ಕೆ ಇಡಿ. ಹಳೆಯ ಕಟ್ಟಡವಾದರೆ ಇಂಜಿನಿಯರ್ ಒಬ್ಬರನ್ನು ಕೇಳಿಯೇ ಇಡಿ.

ಹೊಸದು ತರುವಾಗ

ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿ, ಇಲ್ಲವೇ ಆನ್‌ಲೈನ್‌ನಲ್ಲಿ ಹುಡುಕಿ, "ಫೈಬರ್ ಪಾಟ್" ಅಂದರೆ ಪ್ಲಾಸ್ಟಿಕ್ಕನ್ನೂ ತೋರಿಸುತ್ತಾರೆ. "ಇದೂ ಫೈಬರ್ರೇ ಸಾರ್" ಅನ್ನುತ್ತಾರೆ. ಕುಂಡದ ಒಳಗೆ ಕೈ ಹಾಕಿ. ನಿಜವಾದ ಎಫ್‌ಆರ್‌ಪಿ ಒಳಗೆ ಒರಟು, ರೆಸಿನ್ ಅಡಿಯಲ್ಲಿ ನಾರಿನ ಎಳೆಗಳು ಅಡ್ಡಾದಿಡ್ಡಿ ಕಾಣುತ್ತವೆ. ಒಳಗೂ ಹೊರಗೂ ಒಂದೇ ಬಣ್ಣ, ಒಂದೇ ನುಣುಪು ಇದ್ದರೆ ಅಚ್ಚಿನ ಪ್ಲಾಸ್ಟಿಕ್. ಪ್ಲಾಸ್ಟಿಕ್ ಕೆಟ್ಟದ್ದು ಅಂತಲ್ಲ, ಎಫ್‌ಆರ್‌ಪಿ ಬೆಲೆ ಕೊಡಬೇಡಿ ಅಷ್ಟೇ.

ಆಮೇಲೆ ತೂಗಿ ನೋಡಿ. ಮೇಲೆ ಹೇಳಿದ ಮೂರಡಿ ಕುಂಡ ಮೂರು ಮಿಲಿಮೀಟರ್ ದಪ್ಪ ಇದ್ದರೆ ಏಳು ಕೆಜಿ ಹತ್ತಿರ ಬರಬೇಕು. ನಾಲ್ಕು ಕೆಜಿ ಬಂತಾ? ಎಲ್ಲೋ ಮ್ಯಾಟ್ ಉಳಿಸಿದ್ದಾರೆ. ಬಿಸಿಲಿಗೆ ಹಿಡಿದು ಒಳಗಿನಿಂದ ನೋಡಿದರೆ ತೆಳುವಾದ ಕಡೆ ಬೆಳಕು ಮಚ್ಚೆ ಮಚ್ಚೆಯಾಗಿ ಕಾಣುತ್ತದೆ, ಅದರಲ್ಲೂ ಮೂಲೆಗಳಲ್ಲಿ. ಉದ್ದನೆಯದಕ್ಕೆ ಒಳಗೆ ಅಡ್ಡಪಟ್ಟಿ ಇದೆಯಾ, ಅಂಚು ಒಳಕ್ಕೆ ಮಡಚಿದೆಯಾ ನೋಡಿ. ಒಳಗೆ ಅಂಟಂಟಾಗಿದ್ದು ರೆಸಿನ್ ವಾಸನೆ ಗಾಢವಾಗಿದ್ದರೆ ಸರಿಯಾಗಿ ಗಟ್ಟಿಯಾಗಿಲ್ಲ, ಬೇರೆ ಕೇಳಿ. ಬಣ್ಣದ ವಿಷಯದಲ್ಲಿ ಒಂದೇ ಮಾತು: ಪಶ್ಚಿಮದ ಬಿಸಿಲು ಬೀಳುವ ಕಡೆ ಕಪ್ಪು ಬೇಡ. ತೆಳು ಗೋಡೆ ಬಿಸಿಯನ್ನು ತಡೆಯುವುದಿಲ್ಲ, ಗೋಡೆ ಪಕ್ಕದ ಬೇರು ಬೇಯುತ್ತದೆ. ಕಲಬುರಗಿ, ರಾಯಚೂರು ಕಡೆಯವರು ತಿಳಿ ಬಣ್ಣ ಬಿಟ್ಟು ಬೇರೆ ಯೋಚಿಸಲೇಬೇಡಿ. ಮಂಗಳೂರು, ಉಡುಪಿಯವರು ಬಣ್ಣಕ್ಕಿಂತ ತೂತು ಎಷ್ಟಿವೆ ಎಣಿಸಿ.

ತಳವೇ ಬಿಟ್ಟುಹೋದ, ಎರಡು ಕಡೆ ಆರಪಾರ ಒಡೆದ ಕುಂಡವನ್ನು ರಿಪೇರಿಗೆ ಕೊಡಬೇಡಿ, ಕೂಲಿಯೇ ಹೊಸ ಕುಂಡದ ಹತ್ತಿರ ಹೋಗುತ್ತದೆ. ಗುಜರಿಯವರು ಸಾಮಾನ್ಯವಾಗಿ ಫೈಬರ್ ತೆಗೆದುಕೊಳ್ಳುವುದಿಲ್ಲ. ಸುಡಲೂಬಾರದು, ಹೊಗೆ ವಿಷ. ನೆಲದ ತೋಟ ಇರುವವರಿದ್ದರೆ ಉಳಿದ ತಳವನ್ನೂ ಕತ್ತರಿಸಿ, ಅಂಚು ಉಜ್ಜಿ, ನಾಲ್ಕು ಗೋಡೆಯ ಚೌಕಟ್ಟನ್ನು ಮಣ್ಣಿನ ಮೇಲೆ ಕೂರಿಸಿ ಕೊಡಿ. ಕೊತ್ತಂಬರಿ, ಮೆಂತ್ಯ ಬೆಳೆಯಲು ಅಷ್ಟು ಸಾಕು.